ಗಂಗಕ್ಕನ ಎರಡು ಡಬ್ಬಿ

ಹೋದ ವಾರ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಶೃಂಗೇರಿಗೆ ಹೋಗುವ ಎರಡು ಬಸ್ಸುಗಳನ್ನು ಕಣ್ಣೆದುರೇ ಬಿಟ್ಟೆ. ಮೊದಲನೆಯದರಲ್ಲಿ ರಶ್ಶು ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯದು ಖಾಲಿಯೇ ಇತ್ತು. ಅದಕ್ಕೆ ಹೇಳಿಕೊಳ್ಳಲು ಏನೂ ಸಿಗದೆ ಎದ್ದು ಹೋಗಿ ಒಂದು ಟೀ ಕುಡಿದು ಬಂದೆ. ಶೃಂಗೇರಿಯಲ್ಲಿ ಒಬ್ಬರಿಗೆ ನಾನು ಹೇಳಬೇಕಾದ ಒಂದು ಮಾತಿದೆ. ಸುಮಾರು ನಾಲ್ಕು ವರ್ಷದಿಂದ ಹೇಳಿಲ್ಲ. ಪ್ರತಿ ಸಲ ಇಲ್ಲಿಯವರೆಗೆ ಬರುತ್ತೇನೆ, ಟೀ ಕುಡಿಯುತ್ತೇನೆ, ವಾಪಸ್ ಹೋಗುತ್ತೇನೆ.

ಅವತ್ತೂ ಹಾಗೇ ಆಗುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಸೊಂಟದಿಂದ ಚೀಲ ತೆಗೆದು, ಎಲೆಗೆ ಸುಣ್ಣ ಸವರಿ, ಒಂದು ಸಣ್ಣ ಡಬ್ಬಿಯ ಮುಚ್ಚಳ ಬಿಚ್ಚಿದಳು. ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆಯಿತು. ಕೂತಲ್ಲಿಂದ ಅರ್ಧ ಎದ್ದುಬಿಟ್ಟೆ. ಮೊದಲೇ ನಾನು ಒಂದು ಕಡೆ ಕೂರುವವಳಲ್ಲ, ಈ ವಾಸನೆ ಬಂದರಂತೂ ಮುಗಿಯಿತು.

ಕೊರೋನಾ ಬಂದ ಹೊತ್ತಿನಲ್ಲಿ ನಾನು ಕೊಪ್ಪದ ಹೊರಗೆ, ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ವೃದ್ಧಾಶ್ರಮ ನೋಡಿಕೊಳ್ಳುತ್ತಿದ್ದೆ. ಹಿಂದೆ ಅದು ಅಕ್ಕಿ ಗಿರಣಿ. ಮೆಷಿನ್ ಕಿತ್ತು, ಗೋಡೆ ಎಬ್ಬಿಸಿ, ಎಂಟು ಕೋಣೆ ಮಾಡಿದ್ದರು. ಎದುರಿನ ಸಿಮೆಂಟಿನ ಅಂಗಳವನ್ನು ಚಳಿಗಾಲದಲ್ಲಿ ಒಬ್ಬ ವ್ಯಾಪಾರಿ ಕಾಫಿ ಒಣಗಿಸಲು ತೆಗೆದುಕೊಳ್ಳುತ್ತಿದ್ದ. ಹನ್ನೊಂದು ಜನ ಇದ್ದರು. ನೋಡಿಕೊಳ್ಳಲು ನಾನು, ನನ್ನ ಜೊತೆ ಲಲಿತ ಎಂಬ ಹುಡುಗಿ, ಅಡುಗೆಯವಳು. ಊರಿನವರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಒಂದು ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದು ಬಿಟ್ಟರೆ ಆ ಹೆಸರಿಗೆ ಬೇರೆ ಆಧಾರ ಇರಲಿಲ್ಲ.

ಆ ಹನ್ನೊಂದು ಜನರಲ್ಲಿ ಮನೆಯ ಯಜಮಾನಿಯ ಹಾಗಿದ್ದವರು ಗಂಗಕ್ಕ. ಸಾಗರದ ಕಡೆಯಲ್ಲಿ ಹುಟ್ಟಿ, ಶೃಂಗೇರಿ ಕಡೆಗೆ ಮದುವೆಯಾಗಿ ಬಂದು, ಬೇಗ ಗಂಡ ಹೋಗಿ, ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಾ ಬದುಕಿದವರು. ತವರಿನ ಮಾತು ಕೊನೆಯವರೆಗೂ ಬಾಯಿಂದ ಹೋಗಿರಲಿಲ್ಲ, ‘ನನಗೆ’ ಎನ್ನುವುದಕ್ಕೆ ‘ಯಂಗೆ’ ಎನ್ನುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎನ್ನುವಷ್ಟರಲ್ಲಿ ಕೊರೋನಾ ಬಂದು ಆಸ್ಪತ್ರೆಯಲ್ಲಿ ಅದನ್ನೆಲ್ಲ ನಿಲ್ಲಿಸಿದರು. ಕಣ್ಣಿನ ಕೆಲಸವನ್ನೆಲ್ಲ ಗಂಗಕ್ಕ ಮೂಗಿಗೆ ವಹಿಸಿಬಿಟ್ಟಿದ್ದರು. ಒಲೆಯ ಮೇಲೆ ಹಾಲು ಉಕ್ಕುವ ಮೊದಲೇ ಅವರು ಕೋಣೆಯಿಂದ ಕೂಗುತ್ತಿದ್ದರು. ನಾನು ಯಾವ ಸೋಪಿನಲ್ಲಿ ಸ್ನಾನ ಮಾಡಿದೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಬೆಳಿಗ್ಗೆ ತಿಂಡಿಯಾದ ಮೇಲೆ ಜಗಲಿಯಲ್ಲಿ ಎಲೆಅಡಿಕೆ ಕವಳದ ಹೊತ್ತು. ಎಂಟು ಜನ ಕವಳ ಹಾಕುವವರು, ಒಬ್ಬರಿಗೂ ಗಟ್ಟಿ ಹಲ್ಲಿಲ್ಲ. ಗಂಗಕ್ಕ ಹಿತ್ತಾಳೆ ಹರಿವಾಣ ಮುಂದಿಟ್ಟುಕೊಂಡು, ಸಣ್ಣ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿ, ಬೆರಳಲ್ಲೇ ಉಂಡೆ ಮಾಡಿ ಒಬ್ಬೊಬ್ಬರ ಅಂಗೈಗೆ ಹಾಕುವುದು. ಒಬ್ಬೊಬ್ಬರಿಗೆ ಒಂದೊಂದು ಹದ. ಬಸ್ ಕಂಡಕ್ಟರ್ ಆಗಿದ್ದ ಶೀನಪ್ಪನಿಗೆ ಹೊಗೆಸೊಪ್ಪು ಮುಂದಾಗಿರಬೇಕು. ಪದ್ಮನಾಭ ಮೇಷ್ಟ್ರಿಗೆ ಹೊಗೆಸೊಪ್ಪು ಸೋಕಲೂ ಕೂಡದು, ಎರಡು ಚಿಟಿಕೆ ಲವಂಗ ಸಾಕು. ಹೊಗೆಸೊಪ್ಪನ್ನೂ ಲವಂಗವನ್ನೂ ಮೊದಲೇ ಪುಡಿ ಮಾಡಿ ಒಂದೇ ನಮೂನೆಯ ಎರಡು ಸ್ಟೀಲ್ ಡಬ್ಬಿಗಳಲ್ಲಿ ತುಂಬಿಡುತ್ತಿದ್ದರು. ಗುರುತಿಗೆ ಏನಾದರೂ ಅಂಟಿಸುತ್ತೇನೆ ಎಂದರೆ ಗಂಗಕ್ಕ ನಗುತ್ತಿದ್ದರು. ಮುಚ್ಚಳ ತೆಗೆದು ಮೂಗಿನ ಹತ್ತಿರ ಒಂದು ಸಲ ಸುಳಿಸಿದರೆ ಆಯಿತು.

ಮೇಷ್ಟ್ರ ವಿಷಯ ಹೇಳಬೇಕು. ಮದುವೆಯಾಗದವರು. ಹಳ್ಳಿ ಶಾಲೆಗಳಲ್ಲಿ ಮೂವತ್ತೈದು ವರ್ಷ ಪಾಠ ಮಾಡಿ, ರಿಟೈರ್ ಆದ ಮೇಲೆ ಯಾರಿಗೂ ಹೊರೆಯಾಗಬಾರದೆಂದು ತಾವೇ ಪೆಟ್ಟಿಗೆ ಹಿಡಿದು ನಮ್ಮಲ್ಲಿಗೆ ಬಂದವರು. ನೆಲ ಒರೆಸುವವರಿಗೂ ‘ನೀವು’ ಎನ್ನುತ್ತಿದ್ದರು. ಶೃಂಗೇರಿಯಲ್ಲಿದ್ದ ತಮ್ಮನ ಮಗಳು ಸುಮನ ತಿಂಗಳಿಗೊಮ್ಮೆ ಬಂದು, ಅವರ ಉಗುರು ತೆಗೆದು, ಬೈದು, ಬೈಸಿಕೊಂಡು ಹೋಗುತ್ತಿದ್ದಳು. ಇನ್ಯಾರೂ ಇರಲಿಲ್ಲ.

ಮೊದಲ ವರ್ಷ ಕೊರೋನಾ ಬಂದಾಗಲೇ ನಾನು ಹರಿವಾಣವನ್ನೂ ಕುಟ್ಟಾಣಿಯನ್ನೂ ಔಷಧದ ಬೀರುವಿನೊಳಗೆ ಇಟ್ಟು ಬೀಗ ಹಾಕಿದೆ. ಒಬ್ಬರ ಬೆರಳಿಂದ ಎಂಟು ಜನರ ಬಾಯಿಗೆ ಹೋಗುವ ಪದಾರ್ಥ, ಬೇರೆ ದಾರಿ ಇರಲಿಲ್ಲ. ಜಗಲಿ ಬಿಕೋ ಎಂದಿತು. ಜಗಳ ಕೂಡ ನಿಂತುಹೋಯಿತು, ಎಲ್ಲರೂ ತಮ್ಮತಮ್ಮ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತರು. ಶೀನಪ್ಪ ದಿನಾ ಬಂದು ಬೀರುವಿನ ಬೀಗ ಮುಟ್ಟಿ ನೋಡಿ ಹೋಗುತ್ತಿದ್ದ.

ಆಮೇಲೆ ಲಸಿಕೆ ಬಂತು. ಮೇಷ್ಟ್ರು ಎಲ್ಲರಿಗಿಂತ ಮೊದಲು ತೋಳು ಮಡಿಸಿದರು. ಗಂಗಕ್ಕ ಒಪ್ಪಲಿಲ್ಲ. ಅವರು ಒಪ್ಪಲಿಲ್ಲ ಎಂದು ಇನ್ನೂ ನಾಲ್ಕು ಜನ ಕಾಲು ಹಿಂದೆ ತೆಗೆದರು. ಹೇಳಿ ಹೇಳಿ ಸಾಕಾಗಿ ಒಂದು ದಿನ ನಾನು ಮಾತು ಕೊಟ್ಟುಬಿಟ್ಟೆ. ಎಲ್ಲರೂ ಎರಡು ಡೋಸ್ ಹಾಕಿಸಿಕೊಳ್ಳಿ, ಆಮೇಲೆ ಹದಿನೈದು ದಿನಕ್ಕೆ ಹರಿವಾಣ ಹೊರಗೆ ಬರುತ್ತದೆ ಎಂದೆ. ಮಕ್ಕಳಿಗೆ ಮಿಠಾಯಿ ತೋರಿಸಿದ ಹಾಗೆ. ಕೆಲಸವೇನೋ ಆಯಿತು. ಗಂಗಕ್ಕ ಆರೋಗ್ಯ ಕೇಂದ್ರದಲ್ಲಿ ಸೂಜಿ ಚುಚ್ಚಿಸಿಕೊಳ್ಳುವಾಗಲೂ ನನ್ನ ಕೈ ಹಿಡಿದು ಮಾತು ತಪ್ಪುವುದಿಲ್ಲ ಎಂದು ಎರಡು ಸಲ ಹೇಳಿಸಿಕೊಂಡರು.

ಮಾತು ತಪ್ಪಲಿಲ್ಲ. ಆಗಸ್ಟಿನಲ್ಲಿ ಹರಿವಾಣ ಹೊರಗೆ ಬಂತು. ಜಗಲಿಯ ಜಗಳವೂ ವಾಪಸ್ ಬಂತು. ಮಳೆ ಹೋಗಿ, ಚಳಿ ಬಿದ್ದು, ಅಂಗಳದಲ್ಲಿ ಕಾಫಿ ಹಣ್ಣಿನ ಹುಳಿ ವಾಸನೆ ತುಂಬಿಕೊಂಡಿತು. ನಾವೆಲ್ಲ ಗೆದ್ದೆವು ಎಂದೇ ತಿಳಿದಿದ್ದೆ. ಬಾಗಿಲಲ್ಲಿ ನಿಂತು ಬಂದವರ ಕೈಗೆ ಸ್ಯಾನಿಟೈಸರ್ ಸುರಿಯುತ್ತಿದ್ದವಳು ಡಿಸೆಂಬರಿನ ಹೊತ್ತಿಗೆ ಅದನ್ನೂ ಮರೆತಿದ್ದೆ. ಎರಡು ಡೋಸ್ ಆಗಿದೆಯಲ್ಲ ಎಂಬುದು ನಮ್ಮೆಲ್ಲರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಜನವರಿಯ ಮೊದಲ ವಾರ ಬಸರೀಕಟ್ಟೆಯಲ್ಲಿ ನನ್ನ ಅಕ್ಕನ ಮಗಳ ನಿಶ್ಚಿತಾರ್ಥ. ಹೋಗಲೇಬೇಕಾಗಿತ್ತು. ಬರುವಾಗ ಬಸ್ಸು ತಪ್ಪಿ ಒಂದು ಜೀಪಿನಲ್ಲಿ ಬಂದೆ. ಕಾಫಿ ಕೊಯ್ಲಿನವರ ಜೊತೆ ಒತ್ತಿಕೊಂಡು ಹದಿನಾಲ್ಕು ಜನ, ಎಲ್ಲರಿಗೂ ಕೆಮ್ಮು. ಆ ಚಳಿಯಲ್ಲಿ ಕೆಮ್ಮದೆ ಇದ್ದವರು ಯಾರು? ಎರಡು ದಿನ ಬಿಟ್ಟು ನನಗೂ ಗಂಟಲು ಕೆರೆಯಿತು, ಮೂಗು ಸೋರಿತು. ಥಂಡಿ ಎಂದುಕೊಂಡೆ. ಮೆಣಸುಕಾಳು, ಶುಂಠಿ, ಜೀರಿಗೆ ಕುದಿಸಿ ಯಾರೂ ಇಲ್ಲದಾಗ ಕುಡಿದೆ. ಮುಖಕ್ಕೆ ಎರಡು ಮಾಸ್ಕ್ ಹಾಕಿಕೊಂಡೆ.

ಬೀರುವಿನಲ್ಲಿ ಟೆಸ್ಟ್ ಕಿಟ್ ಇದ್ದವು. ತೆಗೆಯಲಿಲ್ಲ. ಲಲಿತ ಹೆರಿಗೆಗೆಂದು ತವರಿಗೆ ಹೋಗಿದ್ದಳು. ನಾನು ಮಲಗಿದರೆ ಹನ್ನೊಂದು ಜನರನ್ನು ನೋಡುವವರು ಯಾರು ಎಂದು ಯೋಚಿಸಿದೆ. ಇದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಎರಡು ಗೆರೆ ಬಂದರೆ ಆಶ್ರಮದ ಕಮಿಟಿಯವರು ರಜೆ ಹಾಕಿ ಮದುವೆಮನೆ ತಿರುಗಿದೆಯಾ ಎಂದು ಕೇಳುತ್ತಾರೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು. ಹಾಗಾಗಿ ಮಾಸ್ಕ್ ಬಿಗಿ ಮಾಡಿಕೊಂಡು ಒಬ್ಬೊಬ್ಬರ ಕೋಣೆಗೂ ಹೋಗಿ ಹಾಸಿಗೆ ಕೊಡವಿದೆ, ಬೆನ್ನಿಗೆ ಎಣ್ಣೆ ತಿಕ್ಕಿದೆ, ಮಾತ್ರೆ ಕೊಟ್ಟೆ. ಮೂರು ದಿನಕ್ಕೆ ನನಗೆ ಗುಣವಾಯಿತು. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಸಂಕ್ರಾಂತಿಯ ಹಿಂದಿನ ದಿನ ಹರಿವಾಣವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಡಬ್ಬಿಗಳನ್ನು ಒರೆಸಿ ಮತ್ತೆ ಜೋಡಿಸಿಟ್ಟವಳು ನಾನೇ. ಯಾವುದು ಎಡಕ್ಕಿತ್ತು, ಯಾವುದು ಬಲಕ್ಕಿತ್ತು ಎಂದು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಗಂಗಕ್ಕನ ಮೂಗು ಇತ್ತಲ್ಲ.

ಹಬ್ಬದ ಬೆಳಿಗ್ಗೆ ಎಳ್ಳುಬೆಲ್ಲ ಹಂಚಿ ಮುಗಿದ ಮೇಲೆ ಜಗಲಿಯಲ್ಲಿ ಕವಳ ಶುರುವಾಯಿತು. ಮೊದಲ ಉಂಡೆ ಯಾವಾಗಲೂ ಮೇಷ್ಟ್ರಿಗೆ, ಹೊಗೆಸೊಪ್ಪಿನ ಕೈ ಅವರಿಗೆ ತಾಗಬಾರದೆಂದು. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. ಶೀನಪ್ಪ ಹೊರಗೆ ಗೊಣಗುವುದು ಕೇಳಿಸಿತು. ಇವತ್ತಿನ ಕವಳ ಎಂತದೂ ಹಿಡಿಯುವುದಿಲ್ಲ, ಪಾಯಸ ತಿಂದ ಹಾಗಾಗುತ್ತದೆ ಎನ್ನುತ್ತಿದ್ದ. ಅದರ ಬೆನ್ನಿಗೇ ಬಿಕ್ಕಳಿಕೆ ಕೇಳಿಸಿತು. ಓಡಿ ಬಂದರೆ ಮೇಷ್ಟ್ರು ಗೋಡೆಗೆ ಒರಗಿದ್ದರು, ಮುಖ ಬಿಳುಚಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಹಾರ್ಟು ಎಂದುಕೊಂಡೆ. ಅವರನ್ನು ಮಲಗಿಸಿ ಬಾಯೊಳಗೆ ಬೆರಳು ಹಾಕಿ ಕವಳ ತೆಗೆದಾಗ ಹೊಗೆಸೊಪ್ಪಿನ ಘಾಟು ಬಂತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಣ್ಣು ಕಾಣದಿದ್ದರೆ ಈ ಕೆಲಸ ಯಾಕೆ ಇಟ್ಟುಕೊಳ್ಳಬೇಕು, ಮೇಷ್ಟ್ರ ಜೀವ ತೆಗೆಯುತ್ತೀರಾ ಎಂದು ಎಲ್ಲರೆದುರು ಗಂಗಕ್ಕನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವರು ಒಂದು ಡಬ್ಬಿ ತೆಗೆದು ಮೂಗಿಗೆ ಹಿಡಿದರು. ಕೆಳಗಿಟ್ಟರು. ಇನ್ನೊಂದು ತೆಗೆದು ಹಿಡಿದರು, ಉಸಿರು ಜೋರಾಗಿ ಎಳೆದರು. ಅದನ್ನೂ ಕೆಳಗಿಟ್ಟರು.

“ನಾಕು ದಿನ ಆತು ಕೂಸೆ. ಯಂಗೆ ಎಂತದೂ ವಾಸನೆ ಬತ್ತಿಲ್ಲೆ. ಡಬ್ಬಿ ಇಟ್ಟ ಜಾಗದ ಗುರುತೇ ಗತಿ ಆಗಿತ್ತು. ಹೇಳಿದ್ರೆ ನೀನು ಹರಿವಾಣಕ್ಕೆ ಮತ್ತೆ ಬೀಗ ಹಾಕ್ತೆ.”

ಆಗ ಕಿಟ್ ತೆಗೆದೆ. ಜಗಲಿಯಲ್ಲಿ ಸಾಲಾಗಿ ಕೂರಿಸಿ ಒಬ್ಬೊಬ್ಬರ ಮೂಗಿಗೂ ಕಡ್ಡಿ ಹಾಕಿದೆ. ಹನ್ನೊಂದರಲ್ಲಿ ಏಳಕ್ಕೆ ಎರಡು ಗೆರೆ ಬಂತು. ಏಳೂ ಜನ ಕವಳದವರು. ನನ್ನದನ್ನು ಕೊನೆಗೆ ಒಳಗೆ ಹೋಗಿ ಮಾಡಿಕೊಂಡೆ. ನನ್ನದರಲ್ಲೂ ಎರಡು ಗೆರೆ ಇತ್ತು, ಎರಡನೆಯದು ಮಸುಕಾಗಿ. ಅದನ್ನು ಯಾರಿಗೂ ತೋರಿಸಲಿಲ್ಲ.

ತಾಲೂಕು ಆಸ್ಪತ್ರೆಯಿಂದ ಬಂದ ಡಾಕ್ಟರು ಒಳ್ಳೆಯ ಹುಡುಗಿ. ಎರಡು ಡೋಸ್ ಆದವರಿಗೂ ಬರುತ್ತದೆ, ವಯಸ್ಸಾದವರಲ್ಲಿ ಆರು ತಿಂಗಳ ಮೇಲೆ ಅದರ ಕಸುವು ಕಡಿಮೆಯಾಗುತ್ತದೆ, ಅದಕ್ಕೇ ಈಗ ಮೂರನೆಯದು ಕೊಡುತ್ತಿದ್ದೇವೆ ಎಂದರು. ಹೆದರಬೇಡಿ, ಲಸಿಕೆ ಆಗದೆ ಇದ್ದಿದ್ದರೆ ಈ ಏಳು ಜನ ಹೀಗೆ ಕೂತು ನನ್ನ ಜೊತೆ ಮಾತಾಡುತ್ತಿರಲಿಲ್ಲ ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಶೀನಪ್ಪನಿಗೆ ಎರಡು ದಿನ ಜ್ವರ ಬಂದು ಮೂರನೇ ದಿನ ಕೋಳಿ ಸಾರು ಕೇಳಿದ. ಗಂಗಕ್ಕನಿಗೆ ಮೂಗು ಬಿಟ್ಟರೆ ಬೇರೆ ಏನೂ ಆಗಲಿಲ್ಲ. ಆರು ಜನ ಎದ್ದು ಓಡಾಡಿದರು.

ಮೇಷ್ಟ್ರು ಏಳಲಿಲ್ಲ. ಎಂಬತ್ತನಾಲ್ಕರ ಶ್ವಾಸಕೋಶ, ಮೊದಲೇ ಉಬ್ಬಸ. ಐದನೇ ದಿನ ಬೆರಳಿನ ಕ್ಲಿಪ್ಪಿನಲ್ಲಿ ಆಕ್ಸಿಜನ್ ನಂಬರು ಇಳಿಯಲು ಶುರುವಾಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲು ಆಂಬುಲೆನ್ಸ್ ಬಂತು. ಸ್ಟ್ರೆಚರ್ ಮೇಲೆ ಮಲಗಿಯೇ ನನ್ನನ್ನು ಹತ್ತಿರ ಕರೆದರು.

“ಜಯಂತಿ, ಗಂಗಕ್ಕನಿಗೆ ಬೈಯಬೇಡಿ. ಹೊಗೆಸೊಪ್ಪು ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಹೋಗುತ್ತಿದ್ದೆ, ಗೊತ್ತಾಯಿತು.”

ನಗುತ್ತಲೇ ಹೇಳಿದರು. ನಾಲ್ಕು ದಿನ ಕಳೆದು ಫೋನ್ ಬಂತು. ಸುಮನ ಒಬ್ಬಳೇ ಹೋಗಿ ಎಲ್ಲ ಮುಗಿಸಿ, ಆಮೇಲೆ ನಮ್ಮಲ್ಲಿಗೆ ಬಂದು ಅವರ ಪೆಟ್ಟಿಗೆ ತೆಗೆದುಕೊಂಡಳು. ದೊಡ್ಡಪ್ಪನನ್ನು ಚೆನ್ನಾಗಿ ನೋಡಿಕೊಂಡಿರಿ ಎಂದು ನನಗೆ ಕೈ ಮುಗಿದಳು. ನಾನೂ ತಿರುಗಿ ಮುಗಿದೆ. ಆ ಕೈಗಳು ಇವತ್ತಿಗೂ ನನಗೆ ಭಾರ.

ಆಮೇಲಿನದ್ದೇ ಹೆಚ್ಚು ಕಷ್ಟದ್ದು. ಕಾಫಿ ಒಣಗಿ ಮೂಟೆಯಾಯಿತು, ಚಳಿ ಮುರಿಯಿತು, ಶಿವರಾತ್ರಿ ಹತ್ತಿರ ಬಂತು. ಗಂಗಕ್ಕನ ಮೂಗಿಗೆ ವಾಸನೆ ಬರಲಿಲ್ಲ. ಅವರು ಕುಟ್ಟಾಣಿ ಮುಟ್ಟಲಿಲ್ಲ. ಈ ಸಲ ಹರಿವಾಣಕ್ಕೆ ಬೀಗ ಹಾಕಿದ್ದು ನಾನಲ್ಲ, ಅವರೇ ತಂದು ನನ್ನ ಬೀರುವಿನಲ್ಲಿಟ್ಟರು. ಊಟ ಎರಡು ತುತ್ತಿಗೆ ಇಳಿಯಿತು. ರುಚಿ ಇಲ್ಲವೆಂದು ಮೊದಮೊದಲು ತಿಳಿದೆ. ಆದರೆ ಅವರು ಗೋಡೆಯ ಕಡೆ ತಿರುಗಿ ಮಲಗಿ, ತಮ್ಮ ಬಲಗೈಯ ಬೆರಳುಗಳನ್ನು ಸೆರಗಿನಲ್ಲಿ ಒರೆಸುತ್ತಲೇ ಇರುವುದು ಕಂಡೆ. ಒರೆಸಿ ಒರೆಸಿ ಬೆರಳ ತುದಿ ಕೆಂಪಾಗಿತ್ತು. ಈ ಕೈಯಿಂದಲೇ ಮೇಷ್ಟ್ರು ಹೋದರು ಎಂದು ಅಡುಗೆಯವಳ ಹತ್ತಿರ ಹೇಳಿದ್ದರಂತೆ. ಬೈದವಳು ನಾನು. ಎಲ್ಲರೆದುರು, ಜೀವ ತೆಗೆಯುತ್ತೀರಾ ಎಂದು ಕೇಳಿದವಳು ನಾನು.

ಅವರನ್ನು ಎಬ್ಬಿಸಿ ಕೂರಿಸುವ ಒಂದೇ ಮಾತು ನನ್ನ ಹತ್ತಿರ ಇತ್ತು. ಹೇಳಿದರೆ ಕೆಲಸ ಹೋಗುತ್ತದೆ, ಊರಲ್ಲಿ ಹೆಸರು ಹೋಗುತ್ತದೆ. ಹೇಳದಿದ್ದರೆ ಗಂಗಕ್ಕ ಹೋಗುತ್ತಾರೆ, ಅದು ಕಣ್ಣಿಗೆ ಕಾಣುತ್ತಿತ್ತು. ಆ ಒಂದೂವರೆ ತಿಂಗಳು ನಾನು ಒಂದು ಕಡೆ ನಿಂತವಳಲ್ಲ. ತೊಳೆದ ಪಾತ್ರೆಯನ್ನೇ ತೊಳೆದೆ. ಅವರ ಕೋಣೆಯ ಬಾಗಿಲವರೆಗೆ ಹೋಗುವುದು, ಗುಡಿಸಲು ಬಂದೆ ಎಂಬ ನೆಪ ಮಾಡಿ ಕಸ ಗುಡಿಸಿ ಬರುವುದು. ಹೇಡಿ ನಾನು, ಅದನ್ನು ಮುಚ್ಚಿಡುವುದು ಯಾಕೆ?

ಶಿವರಾತ್ರಿಯ ಮಾರನೆ ದಿನ ಬೆಳಿಗ್ಗೆ ಗಂಗಕ್ಕ ಗಂಜಿಯ ಲೋಟವನ್ನೂ ಪಕ್ಕಕ್ಕೆ ತಳ್ಳಿದರು. ಅವರ ಮಂಚದ ತುದಿಯಲ್ಲಿ ಕೂತೆ. ಬಸರೀಕಟ್ಟೆ, ಜೀಪು, ಗಂಟಲು, ಕಿಟ್ಟು, ಮಸುಕು ಗೆರೆ, ಒಂದನ್ನೂ ಬಿಡದೆ ಹೇಳಿದೆ. ಕಾಯಿಲೆ ಈ ಮನೆಯೊಳಗೆ ತಂದವಳು ನಾನು, ಡಬ್ಬಿ ಅದಲುಬದಲು ಇಟ್ಟವಳೂ ನಾನು, ನಿಮ್ಮದು ಏನೂ ತಪ್ಪಿಲ್ಲ ಎಂದು ಹೇಳಿ ಅತ್ತೆ. ಹೇಳಿ ಮುಗಿಸಿದ ಮೇಲೆ ಅವರು ಹಗುರಾಗುತ್ತಾರೆ ಎಂದು ಕಾದೆ.

“ಯಂಗೆ ಗೊತ್ತಿತ್ತು ಕೂಸೆ,” ಎಂದರು ಗಂಗಕ್ಕ. “ಅವತ್ತು ನೀನು ಯನ್ನ ಹಾಸಿಗೆ ಕೊಡವಲೆ ಬಂದಾಗ ನಿನ್ನ ಹತ್ರ ಕಷಾಯದ ವಾಸನೆ ಬಂತು. ನೀನು ಮೆಣಸುಕಾಳು ಜಾಸ್ತಿ ಹಾಕಿದ್ದೆ. ಯನ್ನ ಮೂಗಿಗೆ ಬಂದ ಕಡೇ ವಾಸನೆ ಅದು.”

ಗೊತ್ತಿದ್ದ ಮೇಲೆ ಹೀಗೆ ಯಾಕೆ ಊಟ ಬಿಟ್ಟು ಮಲಗಿದಿರಿ ಎಂದು ಕೇಳಿದೆ.

“ಗೊತ್ತಿದ್ದೂ ಎಲ್ಲರ ಕೈಗೆ ಉಂಡೆ ಹಾಕಿದ್ದು ಯಾರು? ನಿಂಗೆ ಕೆಲಸ ಹೋಗ್ತು ಹೇಳಿ ಹೆದರಿಕೆ. ಯಂಗೆ ಹರಿವಾಣ ಹೋಗ್ತು ಹೇಳಿ ಹೆದರಿಕೆ.”

ನಾನು ಅವರ ಭಾರ ಇಳಿಸಲು ಹೋದವಳು. ಅವರ ಹತ್ತಿರ ನನ್ನ ಭಾರವೂ ಮೊದಲೇ ಇತ್ತು, ಅಷ್ಟು ದಿನ ಯಾರಿಗೂ ಹೇಳದೆ ಹೊತ್ತುಕೊಂಡಿದ್ದರು. ಆಮೇಲೆ ಗಂಗಕ್ಕ ಗಂಜಿಯ ಲೋಟಕ್ಕೆ ಕೈ ಚಾಚಿದರು. ಅರ್ಧ ಕುಡಿದು, ಮೇಷ್ಟ್ರ ಮನೆಯ ಆ ಹುಡುಗಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ.

“ಹೇಳವು. ಯನ್ನ ಹೆಸರೂ ಸೇರಿಸಿ ಹೇಳು.”

ಕಮಿಟಿಗೆ ಆ ವಾರವೇ ಕಾಗದ ಬರೆದೆ. ಬೈದರು, ಆದರೆ ಆ ಸಂಬಳಕ್ಕೆ ಬೇರೆ ಯಾರೂ ಸಿಗದೆ ನನ್ನನ್ನೇ ಉಳಿಸಿಕೊಂಡರು. ಹರಿವಾಣ ಮತ್ತೆ ಹೊರಗೆ ಬಂತು, ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಚಮಚ. ಡಬ್ಬಿಯ ಮುಚ್ಚಳ ತೆಗೆದು ಗಂಗಕ್ಕ ನನ್ನ ಮೂಗಿಗೆ ಹಿಡಿಯುತ್ತಿದ್ದರು, ನಾನು ಇದು ಲವಂಗ, ಇದು ಹೊಗೆಸೊಪ್ಪು ಎಂದು ಹೇಳುತ್ತಿದ್ದೆ. ಚೀಟಿ ಅಂಟಿಸಬಹುದಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಮೂರು ವರ್ಷ ಹಾಗೇ ನಡೆಯಿತು. ಹೋದ ವರ್ಷ ಗಂಗಕ್ಕ ಮಲಗಿದ್ದಲ್ಲೇ ಹೋದರು. ಹೋಗುವ ವಾರದಲ್ಲೂ ಒಮ್ಮೆ ಕೇಳಿದರು, ಶೃಂಗೇರಿಗೆ ಹೋಗಿ ಬಂದೆಯಾ ಎಂದು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಆ ಡಬ್ಬಿಯನ್ನೇ ನೋಡುತ್ತಿದ್ದದ್ದು ಕಂಡು ಪಕ್ಕದ ಹೆಂಗಸಿಗೆ ಏನೋ ಅನ್ನಿಸಿರಬೇಕು.

“ಕವಳ ಬೇಕನಾ ಅಕ್ಕ?” ಎಂದಳು.

“ಕೊಡು,” ಎಂದೆ. “ಹೊಗೆಸೊಪ್ಪು ಬ್ಯಾಡ. ಲವಂಗ ಇದ್ರೆ ಎರಡು ಹಾಕು.”

ಅವಳು ಚೀಲದ ಮೂಲೆಯಲ್ಲಿ ಹುಡುಕಿ ಎರಡು ಲವಂಗ ತೆಗೆದು, ಎಲೆ ಮಡಿಸಿ ಕೊಟ್ಟಳು. ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಶೃಂಗೇರಿಯ ಮೂರನೇ ಬಸ್ಸು ಬಂತು. ಲವಂಗ ನಾಲಿಗೆಯ ತುದಿಯಲ್ಲಿ ಖಾರವಾಗುತ್ತಿತ್ತು. ಹತ್ತಿ ಕೂತೆ. ಕಂಡಕ್ಟರ್ ಬಂದು ಎಷ್ಟು ಜನ ಎಂದು ಕೇಳಿದ. ಗಂಗಕ್ಕನನ್ನೂ ಸೇರಿಸಿ ಇಬ್ಬರು ಎಂದೇ ಬಾಯಿಗೆ ಬಂದಿತ್ತು. ತಡೆದು, ಒಂದು ಶೃಂಗೇರಿ ಎಂದೆ.